ಹಳೆಯ ನೋಟುಗಳ ಸಂಗ್ರಹ: ಉಸ್ಮಾನಿಯಾ ಸಿಕ್ಕಾ ಕಲಿಸುವ ಲೆಕ್ಕ

ವರ್ತಕ ಮನೆತನಗಳ ಹಳೆಯ ಲೆಕ್ಕದ ಪುಸ್ತಕಗಳ ನಡುವೆ ಉರ್ದು ಬರಹದ ನೋಟೊಂದು ದೊರೆಯುವುದುಂಟು. ಅದು ಹೈದರಾಬಾದ್ ನಿಜಾಮ ಸರ್ಕಾರದ ಉಸ್ಮಾನಿಯಾ ಸಿಕ್ಕಾ ನೋಟು. ಅದರ ಮೇಲೆ ಮೊತ್ತವು ಕನ್ನಡದಲ್ಲಿಯೂ ಮುದ್ರಿತವಾಗಿರುತ್ತದೆ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮುನ್ನ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ತುಂಗಭದ್ರೆಯ ಆಚೆಯ ಕೊಪ್ಪಳ, ಗಂಗಾವತಿಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನದಿ ದಾಟಿದರೆ ನಾಣ್ಯವೇ ಬೇರೆ.

ನೋಟು ಏಕೆ ಬಂತು?

ಮೊದಲ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಬೆಲೆ ಏರಿ, ರೂಪಾಯಿ ನಾಣ್ಯಗಳ ಕೊರತೆ ಉಂಟಾಯಿತು. ಬ್ರಿಟಿಷ್ ಭಾರತವು 1917ರಲ್ಲಿ ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ಹೈದರಾಬಾದ್ 1918ರಲ್ಲಿ ಕಾಗದದ ಹಣಕ್ಕೆ ಕಾಯ್ದೆ ಮಾಡಿತು. 1950ರ ನಂತರ ಸಿಕ್ಕಾ ಭಾರತದ ರೂಪಾಯಿಯೊಡನೆ ಕೆಲಕಾಲ ನಡೆದು, 1959ರ ವೇಳೆಗೆ ಚಲಾವಣೆಯಿಂದ ಮರೆಯಾಯಿತು.

ವಿನಿಮಯದ ಪಾಠ

ನೂರು ಕಲ್ದಾರ್ ರೂಪಾಯಿಗೆ, ಅಂದರೆ ಬ್ರಿಟಿಷ್ ಭಾರತದ ರೂಪಾಯಿಗೆ, ನಿಗದಿತ ದರ 116 ರೂಪಾಯಿ 10 ಆಣೆ 8 ಪೈ ಸಿಕ್ಕಾ. ಸುಲಭವಾಗಿ ಹೇಳುವುದಾದರೆ 7 ಸಿಕ್ಕಾಕ್ಕೆ 6 ಕಲ್ದಾರ್. 650 ಕಲ್ದಾರ್ ಅಸಲಿನ ಸರಕನ್ನು 700 ಸಿಕ್ಕಾಕ್ಕೆ ಮಾರಿದವನಿಗೆ 50 ರೂಪಾಯಿ ಲಾಭವೆಂದು ತೋರಬಹುದು. ಆದರೆ ಕೈಗೆ ಬಂದದ್ದು 600 ಕಲ್ದಾರ್; ಆಗಿದ್ದು 50 ರೂಪಾಯಿ ನಷ್ಟ. ಇಂದಿನ ರಫ್ತುದಾರರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಮೆಕ್ಸಿಕೋ ದೇಶದ ಕಥೆ ಇನ್ನೂ ಕಠಿಣವಾದುದು. 1910ರ ದಶಕದ ಕ್ರಾಂತಿಯಲ್ಲಿ ಒಂದೊಂದು ಬಣವೂ ತನ್ನದೇ ನೋಟು ಮುದ್ರಿಸಿತು. ಬಣ ಸೋತಾಗ ಅದರ ನೋಟು ಬರೀ ಕಾಗದವಾಯಿತು. ಅಲ್ಲಿನ ಕೇಂದ್ರ ಬ್ಯಾಂಕು 1925ರಲ್ಲಿ ಸ್ಥಾಪನೆಗೊಂಡಿತು. ಆದರೂ 1980ರ ದಶಕದ ಹಣದುಬ್ಬರದಿಂದಾಗಿ, 1993ರಲ್ಲಿ ಸಾವಿರ ಪೆಸೊಗಳನ್ನು ಒಂದು ಹೊಸ ಪೆಸೊ ಎಂದು ಪರಿಗಣಿಸಬೇಕಾಯಿತು.

ಸಂಗ್ರಹಕಾರರು ಗಮನಿಸಬೇಕಾದುದು

ಹಳೆಯ ನೋಟಿನ ಬೆಲೆಯನ್ನು ನಿರ್ಧರಿಸುವುದು ಅದರ ವಿರಳತೆ ಮತ್ತು ಸ್ಥಿತಿ, ವಯಸ್ಸೊಂದೇ ಅಲ್ಲ. ನೋಟನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಇವೆಲ್ಲ ಬೆಲೆಯನ್ನು ಕುಗ್ಗಿಸುತ್ತವೆ.

2016ರ ನವೆಂಬರ್ 8ರಂದು ರದ್ದಾದ 500 ಮತ್ತು 1000 ರೂಪಾಯಿ ನೋಟುಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. 2017ರ ಕಾಯ್ದೆಯಂತೆ ಒಟ್ಟು 10ಕ್ಕಿಂತ ಹೆಚ್ಚು, ಅಧ್ಯಯನ ಅಥವಾ ನಾಣ್ಯಸಂಗ್ರಹದ ಉದ್ದೇಶವಿದ್ದಲ್ಲಿ 25ಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ಅಪರಾಧ. ಇದಕ್ಕೆ 10,000 ರೂಪಾಯಿ ಅಥವಾ ನೋಟುಗಳ ಮುಖಬೆಲೆಯ ಐದು ಪಟ್ಟು, ಇವೆರಡರಲ್ಲಿ ಹೆಚ್ಚಿನ ಮೊತ್ತದವರೆಗೆ ದಂಡ ವಿಧಿಸಬಹುದು.

ಆದುದರಿಂದ ವರ್ತಕ ಬಾಂಧವರು ಹಿರಿಯರ ಪೆಟ್ಟಿಗೆಯಲ್ಲಿ ದೊರೆತ ನೋಟನ್ನು ಅವಸರದಲ್ಲಿ ಮಾರದೆ, ಅದು ಯಾವ ಸರ್ಕಾರದ್ದು, ಯಾವ ಕಾಲದ್ದು ಎಂದು ಮೊದಲು ಬರೆದಿಡುವುದು ಒಳಿತು.