ಸಂಪಾಜೆಯಿಂದ ಸೋಲಾರ್ ಲ್ಯಾಬ್‌ಗೆ: ಎಂಟು ಸೂತ್ರಗಳು

ಘಟ್ಟದ ಬುಡದ ಸಂಪಾಜೆಯಿಂದ ಸುಳ್ಯಕ್ಕೋ ಪುತ್ತೂರಿಗೋ ಬಸ್ಸು ಹಿಡಿದು ಬಿಎಸ್ಸಿ, ಬಿಇ ಓದುತ್ತಿದ್ದೀರಿ. ಪಾಲಿಮರ್ ಸೋಲಾರ್ ಸೆಲ್, ಕಾರ್ಬನ್ ನ್ಯಾನೊಟ್ಯೂಬ್ ಎಲ್ಲ ದೊಡ್ಡ ಊರಿನವರ ಕೆಲಸ ಅಂದುಕೊಂಡಿದ್ದೀರಾ? ಹಾಗೆ ಅಂದುಕೊಳ್ಳುವುದು ಬರೀ ಅಭ್ಯಾಸ. ಇವತ್ತೇ ಬಿಡಿ.

1. ತೋಟದಿಂದಲೇ ಶುರು ಮಾಡಿ.
ರಬ್ಬರ್ ಹಾಲಿಗೆ ಆಸಿಡ್ ಹಾಕಿ ಶೀಟ್ ಮಾಡುವುದನ್ನು ನೋಡುತ್ತಲೇ ಬೆಳೆದವರು ನೀವು. ಆ ಶೀಟ್ ಒಂದು ಪಾಲಿಮರ್, ಹೆಸರು ಪಾಲಿಐಸೊಪ್ರೀನ್. ಅದಕ್ಕೆ ಕಾರ್ಬನ್ ಬ್ಲ್ಯಾಕ್ ಬೆರೆಸಿದರೆ ಗಟ್ಟಿಯಾದ ಕಪ್ಪು ಟಯರ್ ಬರುತ್ತದೆ. ಪಾಲಿಮರ್ ಜೊತೆ ಕಾರ್ಬನ್ ಬೆರೆತರೆ ಕಾಂಪೊಸಿಟ್. ಅರ್ಧ ಪಾಠ ಮನೆಯಲ್ಲೇ ಮುಗಿಯಿತು. ಉಳಿದರ್ಧ ಇಷ್ಟು: ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಸರಪಳಿಯುದ್ದಕ್ಕೂ ಒಂದು ಬಿಟ್ಟು ಒಂದು ಡಬಲ್ ಬಾಂಡ್ ಇರುವ ಪಾಲಿಮರ್‌ಗೆ ತಕ್ಕ ಡೋಪಿಂಗ್ ಮಾಡಿದರೆ ಹರಿಯುತ್ತದೆ. 1977ರಲ್ಲಿ ಇದನ್ನು ತೋರಿಸಿದ ಹೀಗರ್, ಮ್ಯಾಕ್‌ಡಯರ್ಮಿಡ್, ಶಿರಾಕಾವಾ ಅವರಿಗೆ 2000ದಲ್ಲಿ ನೊಬೆಲ್ ಸಿಕ್ಕಿತು.

2. ಹತ್ತು ನ್ಯಾನೊಮೀಟರ್ ನೆನಪಿಡಿ.
ಪಾಲಿಮರ್ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್, ಹೋಲ್ ಎರಡೂ ಅಂಟಿಕೊಂಡ ಜೋಡಿ ಹುಟ್ಟುತ್ತದೆ. ಇದೇ ಎಕ್ಸೈಟಾನ್. ಸುಮಾರು 10 ನ್ಯಾನೊಮೀಟರ್ ಓಡಾಡುವಷ್ಟರಲ್ಲಿ ಇದರ ಆಯಸ್ಸು ಮುಗಿಯುತ್ತದೆ. ಅಷ್ಟರೊಳಗೆ ಎಲೆಕ್ಟ್ರಾನ್ ಕಸಿದುಕೊಳ್ಳುವ ಇನ್ನೊಂದು ವಸ್ತು ಸಿಗಲೇಬೇಕು. ಅದಕ್ಕೇ ಎರಡನ್ನೂ ಪದರ ಪದರವಾಗಿ ಇಡದೆ ಒಂದರೊಳಗೊಂದು ಬೆರೆಸುತ್ತಾರೆ. ಇಂಟರ್‌ವ್ಯೂನಲ್ಲಿ ಇಷ್ಟನ್ನು ತಡವರಿಸದೆ ಹೇಳಿ. ಅರ್ಧ ಜನಕ್ಕೆ ಇದೇ ಬರುವುದಿಲ್ಲ.

3. ಸಣ್ಣ ನಂಬರ್‌ಗೆ ಹೆದರಬೇಡಿ.
2002ರಲ್ಲಿ ಕೇಂಬ್ರಿಡ್ಜ್‌ನ ಕಿಮಾಕಿಸ್ ಮತ್ತು ಅಮರತುಂಗ, ಪಾಲಿಥಯೋಫೀನ್ ಜಾತಿಯ ಪಾಲಿಮರ್‌ಗೆ ಎಲೆಕ್ಟ್ರಾನ್ ಕಸಿಯಲು ಶೇಕಡಾ 1ಕ್ಕೂ ಕಡಿಮೆ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿಸಣ್ಣ ಕೊಳವೆ) ಬೆರೆಸಿ ಸೆಲ್ ಮಾಡಿದರು. ಕರೆಂಟ್ ಬರೀ ಪಾಲಿಮರ್‌ನದ್ದಕ್ಕಿಂತ ಸುಮಾರು ನೂರು ಪಟ್ಟು ಏರಿತು. ವೋಲ್ಟೇಜ್ 0.7ರಿಂದ 0.9 ವೋಲ್ಟ್. ಎಫಿಶಿಯೆನ್ಸಿ ಮಾತ್ರ ಶೇಕಡಾ 1ನ್ನೂ ಮುಟ್ಟಲಿಲ್ಲ. ಆದರೂ ಆ ಪೇಪರ್ ಒಂದು ದಾರಿಯನ್ನೇ ತೆರೆಯಿತು.

4. ಎಲ್ಲಿ ಕೆಡುತ್ತದೆ ಎಂಬುದನ್ನೇ ನಿಮ್ಮ ಪ್ರಾಜೆಕ್ಟ್ ಮಾಡಿಕೊಳ್ಳಿ.
ಸೂತ್ರಗಳಲ್ಲೆಲ್ಲ ಇದೇ ಮುಖ್ಯ, ನಿಧಾನವಾಗಿ ಓದಿ. ನ್ಯಾನೊಟ್ಯೂಬ್ ಕೈಕೊಡುವುದು ಮೂರು ಕಡೆ. ಒಂದು, ಕೊಳವೆಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಸೋನಿಕೇಟರ್‌ನಲ್ಲಿಟ್ಟು ಬಿಡಿಸಬೇಕು, ಹೆಚ್ಚು ಹೊತ್ತಿಟ್ಟರೆ ತುಂಡಾಗುತ್ತವೆ. ಎರಡು, ಸಾಮಾನ್ಯವಾಗಿ ತಯಾರಾದ ಒಂಟಿ ಗೋಡೆಯ ಕೊಳವೆಗಳಲ್ಲಿ ಮೂರನೇ ಒಂದು ಭಾಗ ಲೋಹದ ಗುಣದವು. ಬೇರೆಯಾದ ಎಲೆಕ್ಟ್ರಾನ್, ಹೋಲ್ ಅಲ್ಲಿ ಮತ್ತೆ ಕೂಡಿಕೊಂಡು ಕರೆಂಟ್ ಸೋರಿಹೋಗುತ್ತದೆ. ಮೂರು, ಸೆಲ್‌ನ ಪದರ 100–200 ನ್ಯಾನೊಮೀಟರ್ ದಪ್ಪ, ಕೊಳವೆಯ ಉದ್ದ ಮೈಕ್ರೊಮೀಟರ್ ಲೆಕ್ಕದಲ್ಲಿ. ಅಡ್ಡಾದಿಡ್ಡಿ ನಿಂತ ಒಂದು ಕೊಳವೆ ಸಾಕು, ಮೇಲಿನ ಕೆಳಗಿನ ಎಲೆಕ್ಟ್ರೋಡ್ ಎರಡನ್ನೂ ಮುಟ್ಟಿ ಶಾರ್ಟ್ ಮಾಡಲು.
ಇದರಲ್ಲಿ ಒಂದನ್ನು ಮಾತ್ರ ಹಿಡಿಯಿರಿ. ಮೂರನ್ನೂ ಹಿಡಿದವರ ರಿಪೋರ್ಟ್ ಸಾಮಾನ್ಯವಾಗಿ ಗೈಡ್ ಮೇಜಿನ ಮೇಲೇ ಉಳಿಯುತ್ತದೆ.
ಇನ್ನೊಂದು ಮಾತು. ಎಲೆಕ್ಟ್ರಾನ್ ಕಸಿಯುವ ಕೆಲಸದಲ್ಲಿ ನ್ಯಾನೊಟ್ಯೂಬ್ ಫುಲರೀನ್ ಎಂಬ ಚೆಂಡಿನಾಕಾರದ ಇಂಗಾಲದ ಅಣುವಿನ ಎದುರು ಸೋತಿದೆ. 2019ರಲ್ಲಿ ವೈ6 ಎಂಬ ಅಣು ಬಂದ ಮೇಲೆ ಫುಲರೀನ್ ಕೂಡ ಹಿಂದೆ ಬಿತ್ತು. ಈಗ ಲ್ಯಾಬ್ ದಾಖಲೆ ಶೇಕಡಾ 19ನ್ನು ದಾಟಿದೆ. ಹಾಗಾಗಿ ಆ ರೇಸಿಗೆ ಇಳಿಯಬೇಡಿ. ಸೆಲ್‌ನ ಪಾರದರ್ಶಕ ಎಲೆಕ್ಟ್ರೋಡ್‌ಗೆ ಬಳಸುವ ಇಂಡಿಯಮ್ ಟಿನ್ ಆಕ್ಸೈಡ್ ದುಬಾರಿ, ಬಾಗಿಸಿದರೆ ಬಿರುಕು ಬಿಡುತ್ತದೆ. ಅದರ ಬದಲು ಬಾಗುವ, ಪಾರದರ್ಶಕವಾದ ನ್ಯಾನೊಟ್ಯೂಬ್ ಎಲೆಕ್ಟ್ರೋಡ್ ಮಾಡುವುದಿದೆಯಲ್ಲ, ನನ್ನ ಪ್ರಕಾರ ಅವಕಾಶ ಇರುವುದು ಅಲ್ಲಿ.

5. ಗುಣಾಕಾರ ಕೈಯಲ್ಲಿ ಮಾಡಿ.
ನಿಮ್ಮ ಸೆಲ್‌ನ ವೋಲ್ಟೇಜ್ 0.6 ವೋಲ್ಟ್, ಕರೆಂಟ್ ಚದರ ಸೆಂಟಿಮೀಟರ್‌ಗೆ 10 ಮಿಲಿಆಂಪಿಯರ್, ಫಿಲ್ ಫ್ಯಾಕ್ಟರ್ (ಇವೆರಡರ ಗುಣಲಬ್ಧದಲ್ಲಿ ನಿಜಕ್ಕೂ ಕೈಗೆ ಸಿಗುವ ಪಾಲು) 0.6 ಎಂದಿಟ್ಟುಕೊಳ್ಳಿ. ಗುಣಿಸಿದರೆ 3.6 ಮಿಲಿವ್ಯಾಟ್. ಅದೇ ಚದರ ಸೆಂಟಿಮೀಟರ್‌ಗೆ ಸ್ಟಾಂಡರ್ಡ್ ಬಿಸಿಲು 100 ಮಿಲಿವ್ಯಾಟ್, ಆದ್ದರಿಂದ ಎಫಿಶಿಯೆನ್ಸಿ ಶೇಕಡಾ 3.6. ಮೂರರಲ್ಲಿ ಯಾವುದು ಕುಸಿದಿದೆ ಎಂದು ನೋಡಿದರೆ ರೋಗ ಎಲ್ಲಿದೆ ಎಂಬುದರ ಸುಳಿವು ಸಿಗುತ್ತದೆ. ನ್ಯಾನೊಟ್ಯೂಬ್ ಹಾಕದ ಸೆಲ್ ಒಂದನ್ನು ಅದೇ ದಿನ, ಅದೇ ಕೈಯಿಂದ ಮಾಡಿ. ಹೋಲಿಸಲು ಏನೂ ಇಲ್ಲದ ರಿಸಲ್ಟ್ ರಿಸಲ್ಟೇ ಅಲ್ಲ.

6. ಮಳೆಯನ್ನು ಕೆಲಸಕ್ಕೆ ಹಚ್ಚಿ.
ಪಾಲಿಮರ್‌ನಂಥ ಆರ್ಗ್ಯಾನಿಕ್ ಸೆಲ್‌ನ ದೊಡ್ಡ ಶತ್ರುಗಳಲ್ಲಿ ತೇವವೂ ಆಮ್ಲಜನಕವೂ ಸೇರಿವೆ. ಘಟ್ಟದ ಬುಡದ ಜುಲೈ ತಿಂಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ! ಸೀಲ್ ಮಾಡಿದ ಸೆಲ್ ಇಲ್ಲಿ ಎಷ್ಟು ದಿನ ತಾಳುತ್ತದೆ ಎಂದು ಅಳೆಯಿರಿ. ಆರ್ದ್ರತೆ, ಉಷ್ಣತೆ ದಿನಾ ಬರೆದಿಡಿ. ಒಣ ಊರಿನ ಲ್ಯಾಬ್‌ಗೆ ಈ ಡೇಟಾ ಪುಕ್ಕಟೆಯಾಗಿ ಸಿಗುವುದಿಲ್ಲ.

7. ಒಣ ಪುಡಿಯನ್ನು ಉಸಿರಾಡಬೇಡಿ.
ನ್ಯಾನೊಟ್ಯೂಬ್ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಫ್ಯೂಮ್ ಹುಡ್ ಇಲ್ಲದಿದ್ದರೆ ಮುಟ್ಟಲೇಬೇಡಿ. ಪಾಲಿಮರ್ ಕರಗಿಸುವ ಡೈಕ್ಲೋರೊಬೆಂಜೀನ್‌ಗೂ ಇದೇ ಮಾತು.

8. ಬಾಗಿಲು ತಟ್ಟಿ, ಪ್ರಶ್ನೆ ಕೈಯಲ್ಲಿಟ್ಟುಕೊಂಡು.
ಸುರತ್ಕಲ್‌ನ ಎನ್‌ಐಟಿಕೆ ರಸಾಯನಶಾಸ್ತ್ರ ವಿಭಾಗದಲ್ಲಿ ಕಾಂಜುಗೇಟೆಡ್ ಪಾಲಿಮರ್ ಸಂಶೋಧನೆ ನಡೆದಿದೆ. ಅಲ್ಲಿನ ಪೇಪರ್‌ಗಳನ್ನು ಓದಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಕೆ.ಎಸ್. ನಾರಾಯಣ್ ಆರ್ಗ್ಯಾನಿಕ್ ಎಲೆಕ್ಟ್ರಾನಿಕ್ಸ್‌ನಲ್ಲಿ ದೀರ್ಘಕಾಲ ಕೆಲಸ ಮಾಡಿದ್ದಾರೆ, ಸಿ.ಎನ್.ಆರ್. ರಾವ್ ನ್ಯಾನೊಟ್ಯೂಬ್ ತಯಾರಿಕೆಯ ಮೇಲೆ ಸಂಶೋಧನೆ ನಡೆಸಿದ್ದಾರೆ. ಆ ಕೇಂದ್ರದ ಸಮ್ಮರ್ ಫೆಲೋಶಿಪ್‌ಗೂ, ಮೂರು ವಿಜ್ಞಾನ ಅಕಾಡೆಮಿಗಳ ಜಂಟಿ ಸಮ್ಮರ್ ಫೆಲೋಶಿಪ್‌ಗೂ ಅರ್ಜಿ ಹಾಕಿ. ಇಂಜಿನಿಯರಿಂಗ್‌ನವರು ಕಾಲೇಜಿನ ಮೂಲಕ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಸ್ಟೂಡೆಂಟ್ ಪ್ರಾಜೆಕ್ಟ್ ಅನುದಾನ ಕೇಳಿ.
ಮೇಲ್ ಬರೆಯುವಾಗ "ಐ ಆ್ಯಮ್ ಇಂಟರೆಸ್ಟೆಡ್ ಇನ್ ನ್ಯಾನೊ" ಎಂದು ಶುರು ಮಾಡಬೇಡಿ. ಅಂಥ ಮೇಲ್ ಪ್ರೊಫೆಸರ್‌ಗಳಿಗೆ ಬೇಕಾದಷ್ಟು ಬರುತ್ತವೆ. ಅವರದೇ ಒಂದು ಪೇಪರಿನ ಒಂದು ಗ್ರಾಫ್ ಹೆಸರಿಸಿ. ಅದರಲ್ಲಿ ಫಿಲ್ ಫ್ಯಾಕ್ಟರ್ ಏಕೆ ಇಳಿದಿರಬಹುದು ಎಂದು ನಿಮ್ಮ ಊಹೆ ಬರೆಯಿರಿ, ಅದನ್ನು ಪರೀಕ್ಷಿಸಲು ಯಾವ ಅಳತೆ ಬೇಕು ಎಂಬುದನ್ನೂ ಸೇರಿಸಿ. ಎಂಟು ಸಾಲು ಸಾಕು. ವಾರ ಕಳೆದರೂ ಉತ್ತರ ಬಾರದಿದ್ದರೆ ಇನ್ನೊಮ್ಮೆ ಕಳಿಸಿ.