ಇಂದಿನ ಚಿಂತನೆ: ಮುದಿತಾ



ಮೈಸೂರಿನ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಕಲಿತವರು. ಆದರೂ ಅವರು ಹಣ ಕೊಟ್ಟಿದ್ದು ಇನ್ನೊಬ್ಬರ ವಾದನ ಉಳಿಯಲೆಂದು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ 1947ರಲ್ಲಿ, 67ರ ವಯಸ್ಸಿನಲ್ಲಿ, ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ತಮ್ಮ ಮೂರೂ ಪಿಯಾನೊ ಕನ್ಸರ್ಟೊಗಳನ್ನು ಧ್ವನಿಮುದ್ರಣಕ್ಕೆ ನುಡಿಸಿದರು. ಮೂರನೆಯದು ಮಹಾರಾಜರಿಗೇ ಅರ್ಪಿತ.

ನಮಗೆ ತಿಳಿಯದ ವಿದ್ಯೆಯನ್ನು ಹೊಗಳುವುದು ಸುಲಭ. ನಾವೂ ಬಲ್ಲ ವಿದ್ಯೆಯಲ್ಲಿ ಇನ್ನೊಬ್ಬರು ಮಿಗಿಲಾದಾಗ ಮನಸ್ಸು ಹೋಲಿಕೆಗೆ ಇಳಿಯುತ್ತದೆ. ಅಲ್ಲಿಯೂ ಹಿಗ್ಗುವುದೇ ಮುದಿತಾ.

ಅಭ್ಯಾಸ: ಆ ಮೂರನೆಯ ಕನ್ಸರ್ಟೊವನ್ನು ಹತ್ತು ನಿಮಿಷ ಸುಮ್ಮನೆ ಕೇಳಿ. ‘ನಾನೂ ಕಲಿಯಬಹುದಿತ್ತು’ ಎಂಬ ಮಾತು ಎದ್ದರೆ ಗಮನಿಸಿ, ಬಿಡಿ, ಮತ್ತೆ ಕೇಳಿ. ಬಳಿಕ, ನಿಮ್ಮದೇ ಕೆಲಸವನ್ನು ನಿಮಗಿಂತ ಚೆನ್ನಾಗಿ ಮಾಡುವವರೊಬ್ಬರಿಗೆ ನಿಮ್ಮ ಮೆಚ್ಚುಗೆಯನ್ನು ಇಂದೇ ಹೇಳಿ.

ಎಲ್ಲರಿಗೂ ಮಂಗಳವಾಗಲಿ 🙏