ಉಲನ್ ಪೆಟ್ಟಿಗೆಯ ಅರ್ಥಶಾಸ್ತ್ರ

ಮನುಷ್ಯನ ಬಯಕೆಗಳು ಅಪರಿಮಿತ. ಅವುಗಳನ್ನು ಈಡೇರಿಸುವ ಸಾಧನಗಳಾದರೋ ಪರಿಮಿತ. ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ನಾವೆಲ್ಲರೂ ಮೊದಲ ವರ್ಷದ ಮೊದಲ ವಾರದಲ್ಲಿಯೇ ಬರೆದುಕೊಂಡ ಮಾತು ಇದು. 1932ರಲ್ಲಿ ಲಯೊನೆಲ್ ರಾಬಿನ್ಸ್ ಎಂಬ ಆಂಗ್ಲ ವಿದ್ವಾಂಸನು ಈ ತತ್ತ್ವದ ಮೇಲೆಯೇ ಅರ್ಥಶಾಸ್ತ್ರದ ವ್ಯಾಖ್ಯೆಯನ್ನು ಕಟ್ಟಿದನೆಂದು ಓದಿದೆವು, ಪರೀಕ್ಷೆಯಲ್ಲಿ ಬರೆದೆವು, ಅಂಕಗಳನ್ನೂ ಪಡೆದೆವು. ಆದರೆ ಉತ್ತರಪತ್ರಿಕೆಯಲ್ಲಿ ಬರೆದದ್ದು ಬಾಳಿಗೆ ಇಳಿಯಬೇಕಾದರೆ ಒಂದು ಪೆಟ್ಟು ತಿನ್ನಬೇಕಾಗುತ್ತದೆ. ನಾನು ಆ ಪೆಟ್ಟು ತಿಂದದ್ದು ಹತ್ತು ಉಂಡೆ ಉಲನ್ನಿನಿಂದ. ವಿಷಯ ಸಣ್ಣದೆಂದು ವಾಚಕರು ನಗಬಾರದೆಂದು ಬೇಡಿಕೊಂಡು, ಆ ಪಾಠವನ್ನು ಇಲ್ಲಿ ನಿವೇದಿಸುತ್ತೇನೆ.

ಉಣ್ಣೆ ನಮ್ಮ ಸೀಮೆಗೆ ಹೊಸದಲ್ಲ. ದಖ್ಖನಿ ಕುರಿಗಳ ಉಣ್ಣೆಯನ್ನು ವರ್ಷಕ್ಕೆ ಎರಡು ಬಾರಿ ಕತ್ತರಿಸಿ, ನೂತು, ಹುಣಸೆ ಬೀಜದ ಸರಿ ಹಚ್ಚಿ ಕಂಬಳಿ ನೇಯುವ ಕಲೆ ಕುರುಬರ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದದ್ದು. ಕುರಿ ಎಷ್ಟು ಕೊಟ್ಟಿತೋ ಅಷ್ಟೇ ಉಣ್ಣೆ. ಉಣ್ಣೆ ಎಷ್ಟಾಯಿತೋ ಅಷ್ಟೇ ಕಂಬಳಿ. ಈಗ ಹೆಣ್ಣುಮಕ್ಕಳ ಕೈಯಲ್ಲಿ ಕಾಣುವ ಬಣ್ಣಬಣ್ಣದ ಉಲನ್ ಬಹುತೇಕ ಅಕ್ರಿಲಿಕ್ಕಿನದು. ಕುರಿಯ ಮೈಮೇಲೆ ಬೆಳೆಯದೆ ಕಾರ್ಖಾನೆಯಲ್ಲಿ ತಯಾರಾದದ್ದು. ಇದಕ್ಕೆ ನುಸಿಯ ಭಯವಿಲ್ಲ, ಬೆಲೆಯೂ ಕಡಿಮೆ. ಆದುದರಿಂದಲೇ ಇದನ್ನು ಎಷ್ಟು ಬೇಕಾದರೂ ಕೂಡಿಡಬಹುದೆಂಬ ಧೈರ್ಯ ನಮಗೆ ಬಂದಿದೆ.

ನಾನು ಹುಮನಾಬಾದ್ ತಾಲೂಕಿನ ಒಂದು ಹಳ್ಳಿಯಿಂದ ದಿನವೂ ಬಸವಕಲ್ಯಾಣಕ್ಕೆ ಬಂದು ಹೋಗುವವಳು. ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕ ದಿನ ಸಸ್ತಾಪುರ ಬಂಗ್ಲಾ ಬರುವಷ್ಟರಲ್ಲಿ ಏಳೆಂಟು ಸಾಲು ಹೆಣೆದಿರುತ್ತೇನೆ. ಎಳೆಗೂಸಿನ ಟೋಪಿ, ಸ್ವೆಟರ್, ಬಾಗಿಲ ತೋರಣ, ಮಫ್ಲರ್ ಇವು ನನ್ನ ಕೈಗೆ ಬಂದ ಕೆಲಸಗಳು. ಓಣಿಯವರು ಹೇಳಿ ಮಾಡಿಸಿಕೊಂಡರೆ ನಾಲ್ಕು ಕಾಸು ಕೈಸೇರುತ್ತದೆ. ನೋಟುಪುಸ್ತಕದ ಖರ್ಚು ಅದರಿಂದಲೇ ನೀಗುತ್ತದೆ. ಉಳಿದ ಉಲನ್ನನ್ನು ಹಾಕಿಡಲು ಅಜ್ಜಿಯ ಕಾಲದ ತಗಡಿನ ಪೆಟ್ಟಿಗೆಯೊಂದಿದೆ. ನಮ್ಮ ಮನೆಯಲ್ಲಿ ಅದನ್ನು ಸಂದೂಕ ಎನ್ನುತ್ತೇವೆ.

ದಸರೆಯಿಂದ ಜಾತ್ರೆಗಳವರೆಗಿನ ಕಾಲ ಕೊಳ್ಳುವವರ ಕಾಲ. ಡಿಸೆಂಬರಿನಲ್ಲಿ ದತ್ತಜಯಂತಿಗೆ ಮಾಣಿಕನಗರದಲ್ಲಿ ಜನ ಸೇರುತ್ತಾರೆ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಅಂಗಡಿಗಳ ಮುಂದೆ ರಿಯಾಯಿತಿಯ ಬಟ್ಟೆಫಲಕಗಳು ಏಳುತ್ತವೆ. ಸಾಲದ್ದಕ್ಕೆ ಮೊಬೈಲಿನೊಳಗಿನ ಅಂಗಡಿ ಬೇರೆ. 2014ರ ಅಕ್ಟೋಬರಿನಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆ ‘ಬಿಗ್ ಬಿಲಿಯನ್ ಡೇ’ ಎಂಬ ಒಂದು ದಿನದ ಮಾರಾಟ ನಡೆಸಿತು. ಅಲ್ಲಿಂದೀಚೆಗೆ ಹಬ್ಬವೂ ಆನ್‌ಲೈನ್ ರಿಯಾಯಿತಿಯೂ ಜೋಡುಪದಗಳಂತಾಗಿವೆ. ಜಾತ್ರೆಯ ಅಂಗಡಿಯಿಂದ ನಾವು ಎದ್ದು ಬರಬಹುದು. ಮೊಬೈಲಿನ ಅಂಗಡಿ ಹಾಸಿಗೆಯವರೆಗೂ ಬೆನ್ನು ಹತ್ತುತ್ತದೆ.

ಕಳೆದ ದೀಪಾವಳಿಯ ಮುಂಚೆ ನಡೆದ ಸಂಗತಿಯಿದು. 120 ರೂಪಾಯಿ ಎಂದು ಬರೆದು ಅಡ್ಡಗೆರೆ ಎಳೆದಿದ್ದ 100 ಗ್ರಾಮಿನ ಉಂಡೆ 75 ರೂಪಾಯಿಗೆ ದೊರೆಯುತ್ತಿತ್ತು. ಇಂದು ಮಾತ್ರ ಎಂಬ ಒಕ್ಕಣೆ ಬೇರೆ. ನವಿಲುಬಣ್ಣ ಐದು, ಕುಂಕುಮಬಣ್ಣ ಐದು, ಒಟ್ಟು ಹತ್ತು ಉಂಡೆ ಕೊಂಡೆ. 450 ರೂಪಾಯಿ ಉಳಿಸಿದೆನೆಂದು ಗೆಳತಿಯರ ಮುಂದೆ ಹೇಳಿಕೊಂಡೆ. ಕೊಟ್ಟ 750 ರೂಪಾಯಿ ಎಲ್ಲಿಯದು? ಪರೀಕ್ಷಾ ಶುಲ್ಕಕ್ಕೆಂದು ತೆಗೆದಿಟ್ಟದ್ದು. ಶುಲ್ಕ ಕಟ್ಟುವುದರೊಳಗೆ ಎರಡು ಸ್ವೆಟರ್ ಮಾರಿ ತುಂಬಿಕೊಳ್ಳಬಹುದೆಂದು ಮನಸ್ಸು ಸಮಾಧಾನ ಹೇಳಿತ್ತು. ಸ್ವೆಟರ್ ಹೆಣೆಯುವ ಮೊದಲೇ ಕಡೆಯ ದಿನಾಂಕ ಬಂತು.

ಅವ್ವನಿಗೆ ಹೇಳದೆ ಗತ್ಯಂತರವಿರಲಿಲ್ಲ. ಅವಳು ಬೈಯಲಿಲ್ಲ. ಸಂದೂಕ ತೆರೆದು ಹೊಸ ಉಂಡೆಗಳನ್ನು ಕೈಯಲ್ಲಿ ಹಿಡಿದು ನೋಡಿ, “ಸೋವಿ ಸಿಕ್ತು ಅಂತ ತಂದಿ, ಖರೆ. ಬೇಕಾಗಿತ್ತು ಅಂತ ತಂದಿಯೇನು ಯವ್ವಾ?” ಎಂದಳು. ಅಷ್ಟೇ. ಕಡಲೆ ಹೊಲದ ಕಳೆ ತೆಗೆಯಲು ಹೋಗುವ ಅವಳ ದಿನಗೂಲಿ 250 ರೂಪಾಯಿ. ಮುಂದಿನ ಮೂರು ದಿನದ ಕೂಲಿಯನ್ನು ಸಂಜೆ ಸಂಜೆ ತಂದು ನನ್ನ ಕೈಯಲ್ಲಿಟ್ಟಳು. ಮನೆಯ ಕಿರಾಣಿಗೆಂದು ಎಣಿಸಿದ್ದ ಹಣವದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೆ. ಸಹಿ ಹಾಕಲು ಬಾರದ ಅವ್ವ ಕೇಳಿದ ಪ್ರಶ್ನೆಗೆ ಮೂರು ವರ್ಷ ಅರ್ಥಶಾಸ್ತ್ರ ಓದಿದ ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ಕಿರಾಣಿ ಅಂಗಡಿಯಿಂದ ತಕ್ಕಡಿ ತಂದು ಸಂದೂಕದಲ್ಲಿದ್ದುದನ್ನೆಲ್ಲ ತೂಗಿದೆ. 3 ಕಿಲೋ 700 ಗ್ರಾಂ ಆಯಿತು. ಹಿಂದಿನ ಒಂದು ವರ್ಷದಲ್ಲಿ ಹೆಣೆದದ್ದನ್ನು ನೆನೆದು ಪಟ್ಟಿ ಮಾಡಿದೆ: ಎಳೆಗೂಸಿನ ಉಡುಪು ಐದು ಜೊತೆ, 750 ಗ್ರಾಂ, ಮಫ್ಲರ್ ಎರಡು, 300 ಗ್ರಾಂ, ತೋರಣ ಎರಡು, 350 ಗ್ರಾಂ, ಒಟ್ಟು 1 ಕಿಲೋ 400 ಗ್ರಾಂ. ಎಂದರೆ ಒಂದು ಎಳೆಯನ್ನೂ ಕೊಳ್ಳದೆ ಎರಡೂವರೆ ವರ್ಷಕ್ಕೂ ಮಿಕ್ಕು ಹೆಣೆಯುವಷ್ಟು ಉಲನ್ ನನ್ನಲ್ಲಿತ್ತು. ಹೊಸದನ್ನು ಕೊಳ್ಳುವ ಮೊದಲೂ ಹೆಚ್ಚುಕಡಿಮೆ ಎರಡು ವರ್ಷಕ್ಕೆ ಸಾಲುವಷ್ಟಿತ್ತು! ನನಗೆ ಕೊರತೆಯಿದ್ದುದು ಉಲನ್ನಿನದಲ್ಲ, ಹೊತ್ತಿನದು. ಉಂಡೆ ಕೊಳ್ಳುವಾಗ ಸ್ವೆಟರನ್ನೇ ಕೊಂಡಂತೆ ನಮಗೆ ಭಾಸವಾಗುತ್ತದೆ. ಹೆಣೆಯುವ ಹೊತ್ತನ್ನು ಯಾವ ಅಂಗಡಿಯೂ ರಿಯಾಯಿತಿಯಲ್ಲಿ ಮಾರುವುದಿಲ್ಲ.

ಈ ಭ್ರಮೆಯನ್ನು ಶಾಸ್ತ್ರ ಹೇಗೆ ವಿವರಿಸುತ್ತದೆ? ಆಲ್‌ಫ್ರೆಡ್ ಮಾರ್ಷಲ್ 1890ರ ತನ್ನ ಗ್ರಂಥದಲ್ಲಿ ವಿಶದಪಡಿಸಿದ ಇಳಿಮುಖ ಸೀಮಾಂತ ತುಷ್ಟಿಗುಣದ ನಿಯಮ ನಮಗೆಲ್ಲ ಬಾಯಿಪಾಠ. ಒಂದು ವಸ್ತು ನಮ್ಮಲ್ಲಿ ಹೆಚ್ಚಿದಂತೆಲ್ಲ ಅದರ ಮುಂದಿನ ಒಂದು ಘಟಕದಿಂದ ಬರುವ ತುಷ್ಟಿ ಕಡಿಮೆಯಾಗುತ್ತದೆ. ಬರಿದಾದ ಸಂದೂಕಕ್ಕೆ ಬಂದ ಮೊದಲ ಉಂಡೆ ಒಂದು ಕೂಸನ್ನು ಬೆಚ್ಚಗಿಡುತ್ತದೆ. ಮೂವತ್ತೇಳನೆಯ ಉಂಡೆ ಮುಚ್ಚಳ ಹಾಕಲು ತೊಡಕಾಗುತ್ತದೆ. ನಿಯಮ ಹೀಗಿರುವಲ್ಲಿ ನಾನೇಕೆ ಕೊಂಡೆ?

ಇದಕ್ಕೆ ಉತ್ತರ ಹೇಳಿದವನು ಅಮೆರಿಕದ ರಿಚರ್ಡ್ ಥೇಲರ್. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಈ ವಿದ್ವಾಂಸನು 1985ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಕೊಳ್ಳುವವನಿಗೆ ಎರಡು ಬಗೆಯ ತುಷ್ಟಿ ಉಂಟೆಂದು ತೋರಿಸಿದನು. ಒಂದು, ಕೊಂಡ ವಸ್ತುವಿನಿಂದ ಬರುವುದು. ಇನ್ನೊಂದು, ಕೊಂಡ ವ್ಯವಹಾರದಿಂದಲೇ ಬರುವುದು. ಇಷ್ಟಕ್ಕೆ ಸಿಗಬೇಕಾದದ್ದು ಅಷ್ಟಕ್ಕೇ ಸಿಕ್ಕಿತು ಎಂಬ ಹಿಗ್ಗು ಎರಡನೆಯ ಬಗೆಯದು. ಅಡ್ಡಗೆರೆ ಎಳೆದ 120 ಎಂಬ ಅಂಕಿ ಇರುವುದು ಈ ಹಿಗ್ಗಿಗಾಗಿಯೇ. ಆ ಅಂಕಿ ಇಲ್ಲದೆ ಬರಿಯ 75 ಎಂದಿದ್ದರೆ ನಾನು ‘ನನಗೆ ಬೇಕೆ?’ ಎಂದು ಕೇಳಿಕೊಳ್ಳುತ್ತಿದ್ದೆ. ಅಂಕಿ ಇದ್ದುದರಿಂದ ‘ಬಿಟ್ಟರೆ ನಷ್ಟವಲ್ಲವೆ?’ ಎಂದು ಕೇಳಿಕೊಂಡೆ. ಪ್ರಶ್ನೆ ಬದಲಾದದ್ದೇ ನನಗೆ ತಿಳಿಯಲಿಲ್ಲ. ಅವ್ವ ಮಾಡಿದ್ದಿಷ್ಟೆ: ಬದಲಾದ ಪ್ರಶ್ನೆಯನ್ನು ಮತ್ತೆ ಮೊದಲಿನ ಸ್ಥಾನಕ್ಕೆ ತಂದಿಟ್ಟಳು.

ಈ ಪ್ರಶ್ನೆಯನ್ನು ಎಂಟು ಶತಮಾನಗಳಿಗೂ ಹಿಂದೆ ಇದೇ ಕಲ್ಯಾಣದಲ್ಲಿ ಒಬ್ಬ ಹೆಣ್ಣುಮಗಳು ಕೇಳಿದ್ದಳೆಂಬುದು ನೆನಪಾದಾಗ ನನಗೆ ಮೈ ಜುಮ್ಮೆಂದಿತು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದವರು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ದಾಸೋಹ ನಡೆಸುವುದು ಲಕ್ಕಮ್ಮನ ಕಾಯಕ. ಒಂದು ದಿನ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಸಲ್ಲದ ಆಸೆಯೆಂದು ಹೇಳಿ, ಮಿಕ್ಕುದನ್ನು ಮೊದಲಿದ್ದಲ್ಲಿಗೇ ಸುರಿದು ಬರುವಂತೆ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳುಹಿಸಿದಳು.

ಈ ಪ್ರಸಂಗವನ್ನು ಭಕ್ತಿಯ ದೃಷ್ಟಿಯಿಂದ ವಿವರಿಸಿದವರು ಅನೇಕರು. ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾಗಿ ನಾನು ಗಮನಿಸಿದ್ದು ಬೇರೊಂದು ಅಂಶ. ಆ ಅಕ್ಕಿಗೆ ಬೆಲೆಯೇ ಇರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ನೂರಕ್ಕೆ ನೂರು ರಿಯಾಯಿತಿ! ಆದರೂ ಲಕ್ಕಮ್ಮ ಅದನ್ನು ಅಳೆದದ್ದು ಬೆಲೆಯ ಸೇರಿನಿಂದಲ್ಲ, ಅಂದಿನ ಅಗತ್ಯದ ಸೇರಿನಿಂದ. ಪುಕ್ಕಟೆ ಸಿಕ್ಕಿದ್ದೇ ಹೆಚ್ಚಾಗಬಹುದಾದರೆ, ನೂರಕ್ಕೆ ಮೂವತ್ತೇಳರಷ್ಟು ಇಳಿಸಿ ಕೊಟ್ಟದ್ದು ಹೆಚ್ಚಾಗಲಾರದೆ? ಇದೇ ಶರಣರ ಸಾಲಿನಲ್ಲಿ ಕದಿರು ಹಿಡಿದು ನೂಲು ತೆಗೆಯುವ ಕಾಯಕದ ಕದಿರ ರೆಮ್ಮವ್ವೆಯೂ ಇದ್ದಳು. ತನ್ನ ರಾಟೆಯ ಅಂಗಗಳನ್ನೇ ಉಪಮಾನ ಮಾಡಿಕೊಂಡು ವಚನ ರಚಿಸಿದ ಅವಳಿಗೆ ನೂಲೆಂದರೆ ಕೈಯಲ್ಲಿ ನಡೆಯುವ ಕೆಲಸ. ಸಂದೂಕದಲ್ಲಿ ಮಲಗುವ ಸರಕಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ‘ಕೂಡಿಡುವುದೇ ತಪ್ಪಾದರೆ ಒಕ್ಕಲಿಗ ಕಾಳು ಕೂಡಿಡುವುದೂ ತಪ್ಪೆ?’ ಅಲ್ಲ. ಹಿಂದೆ ನಮ್ಮ ಹಿರಿಯರು ಹಗೇವುಗಳಲ್ಲಿ ಜೋಳ ತುಂಬಿಡುತ್ತಿದ್ದರು. ಆದರೆ ಮನೆಯಲ್ಲಿ ಉಣ್ಣುವ ಬಾಯಿಗಳೆಷ್ಟು, ಬೀಜಕ್ಕೆ ಬೇಕಾದದ್ದೆಷ್ಟು, ಮುಂದಿನ ಸುಗ್ಗಿಗೆ ಎಷ್ಟು ತಿಂಗಳು ಎಂಬ ಲೆಕ್ಕ ಅದಕ್ಕೆ ಇತ್ತು. ಹೆಣಿಗೆಯಲ್ಲಿಯೂ ಲೆಕ್ಕವಿಟ್ಟು ಕೊಳ್ಳುವುದು ಜಾಣತನವೇ. ದೊಡ್ಡವರ ಸ್ವೆಟರಿಗೆ ಬೇಕಾದ ಉಲನ್ನನ್ನೆಲ್ಲ ಒಮ್ಮೆಗೇ ತರತಕ್ಕದ್ದು. ಬಣ್ಣ ಅದ್ದಿದ ತಂಡ ಬೇರೆಯಾದರೆ ಒಂದೇ ಹೆಸರಿನ ಬಣ್ಣವೂ ತೋಳಿನಲ್ಲೊಂದು, ಎದೆಯಲ್ಲೊಂದು ಕಾಣುತ್ತದೆ. ಹೇಳಿ ಮಾಡಿಸಿಕೊಳ್ಳುವವರು ಮೊದಲೇ ಗೊತ್ತಿದ್ದು, ಚಳಿ ಮುಗಿದಾಗ ಇಳಿದ ಬೆಲೆಗೆ ತಂದಿಟ್ಟರೆ ಅದು ನಿಜವಾದ ಉಳಿತಾಯ. ಯಾರಿಗಾಗಿ, ಯಾವಾಗ, ಎಷ್ಟು ಎಂಬ ಮೂರು ಮಾತಿಗೆ ಉತ್ತರವಿದ್ದುದು ಸಂಗ್ರಹ. ಇಲ್ಲದ್ದು ಬರಿಯ ರಾಶಿ.

ಮನಸ್ಸಿಗೆ ಬುದ್ಧಿ ಹೇಳಿದರೆ ಸಾಲದು, ಕೈಗೆ ಕಟ್ಟಳೆ ಬೇಕು. ದೀಪಾವಳಿಯಿಂದೀಚೆಗೆ ನಾನು ಪಾಲಿಸುತ್ತಿರುವ ನಾಲ್ಕು ಕಟ್ಟಳೆಗಳನ್ನು ಇಲ್ಲಿ ಹೇಳುತ್ತೇನೆ.

ಒಂದನೆಯದು, ಸಂದೂಕದ ಲೆಕ್ಕಪುಸ್ತಕ. ಯಾವ ಬಣ್ಣ, ಎಷ್ಟು ತೂಕ, ಯಾತಕ್ಕೆ ಎಂದು ಬರೆದಿಟ್ಟಿದ್ದೇನೆ. ಅಂಗಡಿಯ ಮುಂದೆ ನಿಂತಾಗ ಕಣ್ಣಿಗೆ ಕಾಣುವುದು ಅಲ್ಲಿಯ ಉಲನ್ ಮಾತ್ರ. ಮನೆಯ ಉಲನ್ ಕಾಣಬೇಕಾದರೆ ಪುಸ್ತಕ ಕೈಯಲ್ಲಿರಬೇಕು.

ಎರಡನೆಯದು, ಸಂತೆಯಿಂದ ಸಂತೆಗೆ ತಡೆಯುವುದು. ಆಸೆಪಟ್ಟದ್ದನ್ನು ಒಂದು ವಾರ ಕೊಳ್ಳದಿರುವುದು. ಅಷ್ಟರೊಳಗೆ ರಿಯಾಯಿತಿ ಮುಗಿದರೆ ಮುಗಿಯಲಿ. ಹೀಗೆ ಬಿಟ್ಟ ಐದು ಬಣ್ಣಗಳಲ್ಲಿ ಒಂದರ ಹೆಸರೂ ಈಗ ನನಗೆ ನೆನಪಿಲ್ಲ.

ಮೂರನೆಯದು, ಬೆಲೆಯನ್ನು ರೂಪಾಯಿಗಳಲ್ಲಿ ಎಣಿಸದೆ ಕೂಲಿಯ ದಿನಗಳಲ್ಲಿ ಎಣಿಸುವುದು. 750 ರೂಪಾಯಿ ಎಂಬುದು ಮೊಬೈಲಿನಲ್ಲಿ ಬೆರಳ ತುದಿಯ ಒಂದು ಒತ್ತು. ಹೊಲದಲ್ಲಿ ಅದು ಬಗ್ಗಿದ ಬೆನ್ನಿನ ಮೂರು ದಿನ.

ನಾಲ್ಕನೆಯದು, ತುಂಡುಗಳನ್ನು ಮೊದಲು ಮುಗಿಸುವುದು. ನಮ್ಮ ಮನೆಗಳಲ್ಲಿ ಹಳೆಯ ಸೀರೆ, ಧೋತರದ ಚೂರುಗಳನ್ನು ಕೂಡಿಸಿ ಕೌದಿ ಹೊಲಿಯುವವರು ಇದ್ದುದರಲ್ಲಿಯೇ ಬಣ್ಣ ಹೊಂದಿಸುತ್ತಾರೆ. ಹತ್ತು ಗ್ರಾಂ, ಇಪ್ಪತ್ತು ಗ್ರಾಂ ಉಳಿದ ಎಳೆಗಳನ್ನು ಪಟ್ಟೆಪಟ್ಟೆಯಾಗಿ ಹೆಣೆದರೆ ಕೂಸಿನ ಟೋಪಿಗೆ ಅದಕ್ಕಿಂತ ಚೆಲುವಾದ ವಿನ್ಯಾಸ ಬೇರೆ ಬೇಕಿಲ್ಲ.

ಉಲನ್ ಹೆಣೆಯದ ಮಿತ್ರರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸಬಾರದು. ಒಬ್ಬೊಬ್ಬರ ಸಂದೂಕ ಒಂದೊಂದು ಬಗೆ. ಕೆಲವರದರಲ್ಲಿ ಬೂಟುಗಳು, ಕೆಲವರದರಲ್ಲಿ ಅಂಗಿಗಳು. ಓದದೆ ಕೂಡಿಟ್ಟ ಸ್ಪರ್ಧಾ ಪರೀಕ್ಷೆಯ ಪುಸ್ತಕಗಳು ಇರುವ ಸಂದೂಕವೂ ಉಂಟು. ನಮ್ಮಂತೆ ಮೊದಲ ತಲೆಮಾರಿನಲ್ಲಿ ಕಾಲೇಜಿಗೆ ಬಂದವರಿಗೆ ಈ ಸೆಳೆತ ಸ್ವಲ್ಪ ಹೆಚ್ಚೇ ಎಂದು ನನ್ನ ಅನಿಸಿಕೆ. ಹಿಂದೆ ಇಲ್ಲದಿದ್ದುದರ ನೆನಪು ಇಂದು ಬೇಡವಾದುದನ್ನೂ ಕೊಳ್ಳಿಸುತ್ತದೆ. ಆ ಹಿಂದಿನ ಕೊರತೆಯನ್ನು ಇಂದಿನ ರಿಯಾಯಿತಿ ತುಂಬಿಕೊಡಲಾರದು.

ಇದನ್ನು ಬರೆಯುತ್ತಿರುವ ಹೊತ್ತಿಗೆ ಸಂದೂಕದಲ್ಲಿ 2 ಕಿಲೋ 900 ಗ್ರಾಂ ಉಳಿದಿದೆ. ವೀರಭದ್ರೇಶ್ವರ ಜಾತ್ರೆಗೆ ಹೋಗಿದ್ದೆ; ಬೆಂಡು ಬತ್ತಾಸು ಕೊಂಡು ಬಂದೆ. ನವಿಲುಬಣ್ಣದ ಐದು ಉಂಡೆಗಳಿಂದ ಅವ್ವನಿಗೊಂದು ಶಾಲು ಹೆಣೆದೆ. ಚಳಿಯಲ್ಲಿ ನಸುಕಿಗೆ ಹೊಲಕ್ಕೆ ಹೋಗುವಾಗ ಅದನ್ನು ಹೊದ್ದುಕೊಂಡು ಹೋಗುತ್ತಿದ್ದಳು. ಅದರ ಬೆಲೆ ಎಷ್ಟೆಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು.

ವಾಚಕ ಮಿತ್ರರು ತಮ್ಮ ತಮ್ಮ ಸಂದೂಕಗಳನ್ನು ಒಮ್ಮೆ ತೆರೆದು, ತೂಗಿ ನೋಡುವುದಾದರೆ ಈ ಕಿರುಲೇಖನದ ಶ್ರಮ ಸಾರ್ಥಕವಾಯಿತೆಂದು ಭಾವಿಸುತ್ತೇನೆ.